ಒಪೆರಾ ಆಡಿಷನ್ ರೆಕಾರ್ಡಿಂಗಿಗೆ ಜೂಮ್ ಎಫ್3: ಕೊಳ್ಳುವ ಮುಂಚೆ ತಿಳಿದಿರಬೇಕಾದದ್ದು

ಶಾಸ್ತ್ರೀಯ ಕಂಠ ತರಬೇತಿ ಮುಗಿಸಿ ಒಪೆರಾದಲ್ಲೇ ಬದುಕು ಕಟ್ಟಿಕೊಳ್ಳಬೇಕೆಂದು ಹೊರಟವರಿಗೆ ಮೊದಲ ಸುತ್ತು ಎಂದರೆ ಈಗ ಬಹುಪಾಲು ವಿಡಿಯೋ ಸುತ್ತು. ಸ್ಪರ್ಧೆಯಿರಲಿ, ಒಪೆರಾ ಕಂಪನಿಗಳ ತರಬೇತಿ ಕಾರ್ಯಕ್ರಮವಿರಲಿ, ಏಜೆಂಟರಿಗೆ ಕಳಿಸುವ ಪರಿಚಯವಿರಲಿ, ಮೊದಲು ಕೇಳುವುದು ಎರಡು ಮೂರು ಆರಿಯಾಗಳ (ಒಪೆರಾದ ಒಂಟಿ ಹಾಡುಗಳ) ರೆಕಾರ್ಡಿಂಗನ್ನು. ಸ್ಯಾನ್ ಫ್ರಾನ್ಸಿಸ್ಕೋದ ಮೆರೋಲಾ, ಸಾಂಟಾ ಫೆಯ ಅಪ್ರೆಂಟಿಸ್ ಕಾರ್ಯಕ್ರಮ ಎರಡೂ 1957ರಿಂದ ನಡೆದು ಬಂದವು. ಇಂಥ ಕಡೆಗೆ ಅರ್ಜಿ ನೂರಾರು, ಸ್ಥಾನ ಬೆರಳೆಣಿಕೆ. ಕೇಳಿ ಆರಿಸುವವರು ಒಂದೊಂದು ಫೈಲಿಗೆ ಕೊಡುವ ಸಮಯವೂ ಅಷ್ಟಕ್ಕಷ್ಟೆ. ಆ ಒಂದೆರಡು ನಿಮಿಷದಲ್ಲಿ ಕಿವಿಗೆ ಬೀಳುವುದು ಗಾಯಕರ ಕಂಠವೋ ಅಥವಾ ಫೋನಿನ ಒಳಗಿನ ಸಾಫ್ಟ್‌ವೇರಿನ ಕೈಚಳಕವೋ ಎಂಬುದೇ ಇಲ್ಲಿನ ಪ್ರಶ್ನೆ.

ಫೋನು ಮಾತಿಗಾಗಿ ತಯಾರಾದದ್ದು. ಸದ್ದು ಜೋರಾದರೆ ತಾನೇ ತಗ್ಗಿಸುತ್ತದೆ, ಮೆತ್ತಗಾದರೆ ತಾನೇ ಏರಿಸುತ್ತದೆ. ಮಾತಿಗೆ ಇದು ಉಪಕಾರ, ಒಪೆರಾಕ್ಕೆ ಅಪಚಾರ. ಮೊಜಾರ್ಟನ 'ದೋವೆ ಸೋನೋ' ತೆಗೆದುಕೊಳ್ಳಿ. ಮೊದಲ ಸಾಲು ಮರಳಿ ಬರುವಾಗ ಅದನ್ನು ಇನ್ನೂ ಮೆದುವಾಗಿ, ಉಸಿರಿನ ಎಳೆಯ ಮೇಲೆ ಹಾಡುವುದರಲ್ಲೇ ಆ ಸೊಪ್ರಾನೊಳ (ಎತ್ತರದ ಹೆಣ್ಣು ಕಂಠದವಳ) ತರಬೇತಿ ಗೊತ್ತಾಗುವುದು. ಫೋನು ಅಲ್ಲಿ ಮಟ್ಟವನ್ನು ಮೇಲೆತ್ತಿಬಿಡುತ್ತದೆ. ಮುಂದೆ ವೇಗದ ಭಾಗದಲ್ಲಿ ಸ್ವರ ಮೇಲೇರಿದಾಗ ಕೆಳಕ್ಕೆ ಒತ್ತುತ್ತದೆ. ಕೇಳುವವರಿಗೆ ಎರಡೂ ಒಂದೇ ಗಾತ್ರ. 'ಈಕೆಗೆ ಪಿಯಾನಿಸ್ಸಿಮೋ (ಅತಿ ಮೆದು ದನಿ) ಬರುವುದಿಲ್ಲ' ಎಂದು ಬರೆದುಕೊಂಡು ಮುಂದಿನ ಫೈಲಿಗೆ ಹೋಗುತ್ತಾರೆ. ಪಿಯಾನೋ ವಾದಕರ ಎಡಗೈ ಗಾಯನದ ನಡುವೆ ತಗ್ಗಿ, ಹಾಡು ನಿಂತೊಡನೆ ಉಬ್ಬುವುದು ಇದೇ ರೋಗದ ಇನ್ನೊಂದು ಲಕ್ಷಣ.

ಈ ಕೆಲಸಕ್ಕೆ ಹೇಳಿ ಮಾಡಿಸಿದಂತೆ ಕೂಡಿಬರುವ ಉಪಕರಣ ಜೂಮ್ ಕಂಪನಿಯ ಎಫ್3 ಎಂಬ ಧ್ವನಿ ರೆಕಾರ್ಡರು. 2022ರಲ್ಲಿ ಬಂದದ್ದು. ಹೊರಾಂಗಣದ ಸದ್ದು ಹಿಡಿಯುವವರನ್ನೂ ಸಣ್ಣ ಚಿತ್ರತಂಡಗಳನ್ನೂ ಮನಸ್ಸಿನಲ್ಲಿಟ್ಟು ಮಾಡಿದ ಪೆಟ್ಟಿಗೆ. ಗಾಯಕರನ್ನು ನೆನೆದು ಮಾಡಿದ್ದಲ್ಲ. ಅಂಗೈಯಲ್ಲಿ ಕೂರುವ ಗಾತ್ರ, ಎರಡು ಎಕ್ಸ್‌ಎಲ್‌ಆರ್ ಕಿಂಡಿ, ಒಂದು ಪುಟ್ಟ ಕಪ್ಪು-ಬಿಳುಪು ಪರದೆ, ಮೈಕ್ರೋ ಎಸ್‌ಡಿ ಕಾರ್ಡು, ಎರಡು ಡಬಲ್-ಎ ಸೆಲ್ಲು ಅಥವಾ ಯುಎಸ್‌ಬಿ-ಸಿ ಮೂಲಕ ವಿದ್ಯುತ್ತು. ಒಳಗೆ ಮೈಕಿಲ್ಲ. ಇದನ್ನು ಎರಡು ಸಲ ಓದಿಕೊಳ್ಳಿ, ಏಕೆಂದರೆ ಡಬ್ಬ ಬಿಚ್ಚಿ ನೇರವಾಗಿ ಹಾಡುತ್ತೇನೆ ಎಂದುಕೊಂಡು ತರಿಸುವವರು ಇದ್ದಾರೆ. ಮೈಕ್, ಕೇಬಲ್, ಸ್ಟ್ಯಾಂಡ್, ಕಾರ್ಡು ಎಲ್ಲ ಪ್ರತ್ಯೇಕ. ಒಟ್ಟು ಖರ್ಚಿನಲ್ಲಿ ರೆಕಾರ್ಡರಿನ ಪಾಲು ಅರ್ಧದಷ್ಟೂ ಆಗದೆ ಹೋಗಬಹುದು.

ಇದರ ವಿಶೇಷವೆಂದರೆ ಗೇನ್, ಅಂದರೆ ಒಳಬರುವ ಸದ್ದಿನ ಮಟ್ಟ, ತಿರುಗಿಸುವ ಗುಂಡಿಯೇ ಇಲ್ಲದಿರುವುದು. ಸಾಮಾನ್ಯ 24-ಬಿಟ್ ರೆಕಾರ್ಡರಿನಲ್ಲಿ ಮೊದಲೇ ಮಟ್ಟ ಕೂರಿಸಬೇಕು: ಹೆಚ್ಚಿಟ್ಟರೆ ತಾರಸ್ವರ ಕ್ಲಿಪ್ ಆಗುತ್ತದೆ (ತುದಿ ಕತ್ತರಿಸಿ ಒಡೆಯುತ್ತದೆ), ಕಡಿಮೆಯಿಟ್ಟರೆ ಮೆದು ಭಾಗದ ಹಿಂದೆ ಸುಯ್ ಎಂಬ ಸದ್ದು ಉಳಿಯುತ್ತದೆ. ಎಫ್3ಯಲ್ಲಿ ಪ್ರತಿ ಚಾನೆಲ್ಲಿಗೆ ಸದ್ದನ್ನು ಅಂಕಿಗಳಾಗಿಸುವ ಎರಡೆರಡು ಪರಿವರ್ತಕಗಳಿವೆ, ಒಂದು ಮೆದು ಸದ್ದಿಗೆ, ಇನ್ನೊಂದು ಜೋರು ಸದ್ದಿಗೆ. ಎರಡನ್ನೂ ಹೊಲಿದು 32-ಬಿಟ್ ಫ್ಲೋಟ್ ಫೈಲಾಗಿ ಬರೆಯುತ್ತದೆ. ಮಟ್ಟವನ್ನು ಆಮೇಲೆ ಕಂಪ್ಯೂಟರಿನಲ್ಲಿ ಏರಿಸಬಹುದು, ಇಳಿಸಬಹುದು.

ಗಾಯಕರಿಗೆ ಇದರಿಂದ ಆಗುವ ಲಾಭ ತಾಂತ್ರಿಕ ಲೆಕ್ಕಕ್ಕಿಂತ ದೊಡ್ಡದು. ಮಟ್ಟ ನೋಡಲು 'ಒಂದು ಸಲ ಹಾಡಿ' ಎಂದರೆ ಒಪೆರಾದವರು ಪೂರ್ತಿ ಕಂಠ ಬಿಡುವುದಿಲ್ಲ. ಅರ್ಧ ದನಿಯಲ್ಲಿ ಗುನುಗುತ್ತಾರೆ, ಮೇಲಿನ ಸ್ವರವನ್ನು ಒಂದು ಸ್ಥಾಯಿ ಕೆಳಗೆ ಇಳಿಸಿ ಹಾಡುತ್ತಾರೆ. ಅದು ಸೋಮಾರಿತನವಲ್ಲ, ಕಂಠ ಉಳಿಸಿಕೊಳ್ಳುವ ಶಿಸ್ತು. ತಾಲೀಮಿನಲ್ಲಿ ಎಲ್ಲರೂ ಮಾಡುವುದೇ. ಆ ಅರ್ಧ ದನಿಗೆ ಮಟ್ಟ ಕೂರಿಸಿದ ರೆಕಾರ್ಡರು, ಟೆನರ್ (ಎತ್ತರದ ಗಂಡು ಕಂಠ) ಹಾಡುವ ಆರಿಯಾ 'ಕೆ ಜೆಲಿದಾ ಮಾನಿನಾ'ದ ತಾರ 'ಸಿ' ಬಂದಾಗ ಕೈಕೊಡುತ್ತದೆ. ಆ ಟೆನರ್ ಮತ್ತೆ ಹಾಡಬೇಕು, ಮತ್ತೊಂದು ಸಲ 'ಸಿ' ಹೊಡೆಯಬೇಕು. ಮೂರನೆಯ ಟೇಕಿನ 'ಸಿ' ಮೊದಲನೆಯದರಷ್ಟು ನಿರಾಳವಾಗಿರುವುದು ಅಪರೂಪ. ಎಫ್3ಯಲ್ಲಿ ಮೊದಲ ಟೇಕೇ ಉಪಯೋಗಕ್ಕೆ ಬರುತ್ತದೆ. ಈ ಒಂದು ಕಾರಣಕ್ಕೇ ಇದು ಕೊಳ್ಳಲು ಯೋಗ್ಯ ಎನ್ನುವುದು ನನ್ನ ಅಭಿಪ್ರಾಯ.

ಹಾಗೆಂದು '32-ಬಿಟ್ ಎಂದರೆ ಎಂದೂ ಕ್ಲಿಪ್ ಆಗುವುದಿಲ್ಲ' ಎಂಬ ಜಾಹೀರಾತಿನ ಮಾತನ್ನು ಪೂರ್ತಿ ನಂಬಬೇಡಿ. ಫೈಲಿಗೆ ಮಿತಿಯಿಲ್ಲ, ಆದರೆ ಕಿಂಡಿಗೂ ಮೈಕಿಗೂ ಇದೆ. ಎಫ್3ಯ ಮೈಕ್ ಇನ್‌ಪುಟ್ಟಿನ ಮಿತಿ +4 ಡಿಬಿಯು, ಅಂದರೆ ಸುಮಾರು 1.23 ವೋಲ್ಟ್. ರೋಡ್ ಎನ್‌ಟಿ5ನಂಥ ಮೈಕು ಪ್ರತಿ ಪಾಸ್ಕಲಿಗೆ 12 ಮಿಲಿವೋಲ್ಟ್ ಕೊಡುತ್ತದೆ. ಗುಣಿಸಿ ನೋಡಿದರೆ ಕಿಂಡಿ ತುಂಬಿ ಹರಿಯಲು ಮೈಕಿನ ಬಾಯಲ್ಲಿ ಸುಮಾರು 134 ಡಿಬಿ ಸದ್ದು ಬೇಕು. ಮೈಕಿನ ಸ್ವಂತ ಮಿತಿ 143 ಡಿಬಿ. ತಾರಕಕ್ಕೇರಿದ ಒಪೆರಾ ಕಂಠ ಒಂದು ಮೀಟರಿನಲ್ಲಿ 100 ಡಿಬಿ ದಾಟುತ್ತದೆ ನಿಜ, ಆದರೆ ಮೂರು ಮೀಟರ್ ದೂರದ ಮೈಕಿಗೆ 134 ಎಂದೂ ಮುಟ್ಟುವುದಿಲ್ಲ. ಸಮಸ್ಯೆ ಬರುವುದು ಅತಿ ಸೂಕ್ಷ್ಮ ಮೈಕನ್ನು ಬಾಯ ಹತ್ತಿರ ಹಿಡಿದಾಗ. ಒಪೆರಾಕ್ಕೆ ಹತ್ತಿರ ಹಿಡಿಯುವ ಪ್ರಮೇಯವೇ ಇಲ್ಲ.

ಮೈಕುಗಳ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಸಣ್ಣ ಡಯಾಫ್ರಮ್ಮಿನ ಕಾರ್ಡಿಯಾಯ್ಡ್ ಕಂಡೆನ್ಸರ್ (ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ, ಹೊರಗಿನಿಂದ ವಿದ್ಯುತ್ತು ಬೇಡುವ ಬಗೆ) ಜೋಡಿ ಸಾಕು. ಎನ್‌ಟಿ5 ಜೋಡಿಯಾಗಿಯೇ ಸಿಗುತ್ತದೆ. ಅದರ ಮೇಲಿನ ಆವರ್ತನಗಳಲ್ಲಿ ಹೊಳಪು ಒಂದಿಷ್ಟು ಜಾಸ್ತಿ. ತರಬೇತಾದ ಕಂಠಕ್ಕೆ ಮೂರು ಕಿಲೋಹರ್ಟ್ಸ್ ಆಸುಪಾಸಿನಲ್ಲಿ ತನ್ನದೇ ಒಂದು ಉಬ್ಬಿರುತ್ತದೆ. ಮೈಕಿಲ್ಲದೆ ವಾದ್ಯಮೇಳವನ್ನು ದಾಟಿ ಸಭಾಂಗಣದ ಕೊನೆ ಸಾಲು ಮುಟ್ಟುವುದು ಆ ಉಬ್ಬಿನ ಬಲದಿಂದಲೇ, ವಿಶೇಷವಾಗಿ ಗಂಡು ಕಂಠಗಳಲ್ಲಿ. ಅದರ ಮೇಲೆ ಮೈಕಿನ ಹೊಳಪೂ ಸೇರಿದರೆ ತೆಳು ಸೊಪ್ರಾನೊ, ಹರಿತವಾದ ಟೆನರ್ ಕಿವಿಗೆ ಚುಚ್ಚುವ ಹಾಗೆ ಕೇಳಿಸಬಹುದು. ಆಗ ಈಕ್ವಲೈಸರ್ ಮುಟ್ಟಬೇಡಿ. ಮೈಕುಗಳ ಮೂತಿಯನ್ನು ಬಾಯಿಂದ ಎದೆಯ ಕಡೆಗೆ ತುಸು ಬಗ್ಗಿಸಿ. ಅಷ್ಟಕ್ಕೇ ಹರಿತ ಇಳಿಯುತ್ತದೆ.

ಮೊದಲ ಸಲ ಆನ್ ಮಾಡಿದಾಗ ಮಾಡಬೇಕಾದ್ದು ಹೆಚ್ಚೇನಿಲ್ಲ, ಆದರೆ ಒಂದು ತಪ್ಪಿದರೂ ಇಡೀ ದಿನ ಹಾಳು. ಕಾರ್ಡನ್ನು ಎಫ್3ಯಲ್ಲೇ ಫಾರ್ಮ್ಯಾಟ್ ಮಾಡಿ. ಎರಡೂ ಇನ್‌ಪುಟ್ ಮೈಕ್‌ಗೆ ಇರಲಿ, ಲೈನ್‌ಗಲ್ಲ. ಫ್ಯಾಂಟಮ್ ವಿದ್ಯುತ್ (ಕೇಬಲ್ಲಿನ ಮೂಲಕವೇ ಮೈಕಿಗೆ ಹೋಗುವ ವಿದ್ಯುತ್ತು) 48 ವೋಲ್ಟಿಗೆ ಹಾಕಿ. ಎರಡು ಚಾನೆಲ್ಲನ್ನೂ ಸ್ಟಿರಿಯೋ ಆಗಿ ಜೋಡಿಸಿ. ಸ್ಯಾಂಪಲ್ ದರ 48 ಕಿಲೋಹರ್ಟ್ಸ್. ಉಪಕರಣ 192ರ ತನಕ ಹೋಗುತ್ತದಾದರೂ ವಿಡಿಯೋಗೆ ಅದರಿಂದ ಏನೂ ದಕ್ಕುವುದಿಲ್ಲ, ಫೈಲು ಮಾತ್ರ ಊದುತ್ತದೆ. 44.1 ಇಟ್ಟರೆ ವಿಡಿಯೋ ಎಡಿಟಿಂಗಿನಲ್ಲಿ ಅನಗತ್ಯ ಪರಿವರ್ತನೆ. ಮಂದ್ರ ಸದ್ದನ್ನು ಕತ್ತರಿಸುವ ಲೋ-ಕಟ್ ಆಫ್ ಇರಲಿ. ಬಾಸ್ ಗಾಯಕರ ಮಂದ್ರ 'ಇ' 82 ಹರ್ಟ್ಸ್, ಪಿಯಾನೋದ ಎಡಗೈ ಅದಕ್ಕೂ ಕೆಳಗೆ ಇಳಿಯುತ್ತದೆ. 48 ಕಿಲೋಹರ್ಟ್ಸಿನಲ್ಲಿ ಸ್ಟಿರಿಯೋ ಫೈಲು ನಿಮಿಷಕ್ಕೆ ಸುಮಾರು 23 ಎಂಬಿ, ಗಂಟೆಗೆ 1.4 ಜಿಬಿಯಷ್ಟಾಗುತ್ತದೆ. 32 ಜಿಬಿ ಕಾರ್ಡು ಧಾರಾಳ.

ಫ್ಯಾಂಟಮ್ ಮರೆತರೆ ಏನಾಗುತ್ತದೆ ನೋಡಿ. ಪರದೆಯ ಮೇಲೆ ಮಟ್ಟ ತೋರಿಸುವ ಮೀಟರ್ ಬದಲು ಅಲೆಯ ಚಿತ್ರವಿರುತ್ತದೆ. ಅಲೆ ಸಪಾಟಾಗಿ ಕಂಡರೆ, ಅದನ್ನು ಹಿಗ್ಗಿಸುವ ಗುಂಡಿ ಒತ್ತುತ್ತಾ ಹೋಗುವುದು ಸಹಜ. ಹಿಗ್ಗಿಸಿದಂತೆ ಏನೋ ಗೆರೆ ಅಲುಗಾಡತೊಡಗುತ್ತದೆ. ಬರುತ್ತಿದೆ ಎಂದು ಸಮಾಧಾನವಾಗುತ್ತದೆ. ಅದು ಉಪಕರಣದ ಒಳಗಿನ ಸುಯ್ ಸದ್ದು, ಹಾಡಲ್ಲ. 'ಮಟ್ಟ ಆಮೇಲೆ ಸರಿಮಾಡಬಹುದು' ಎಂಬ ಧೈರ್ಯವೇ ಇಲ್ಲಿ ಶತ್ರು: ಫ್ಯಾಂಟಮ್ ಇಲ್ಲದ ಕಂಡೆನ್ಸರ್ ಮೈಕಿನಿಂದ ಆಮೇಲೆ ಎತ್ತಲು ಏನೂ ಇರುವುದಿಲ್ಲ. ಹೆಡ್‌ಫೋನ್ ಹಾಕಿ ಒಂದು ಚಪ್ಪಾಳೆ ಕೇಳಿಸಿಕೊಂಡು ಶುರುಮಾಡಿ. ಅದೇ ಹೆಡ್‌ಫೋನಿನಲ್ಲಿ ತಾರಸ್ವರ ಒಡೆದಂತೆ ಕೇಳಿಸಿದರೆ ಗಾಬರಿ ಬೇಡ. ಹೆಡ್‌ಫೋನಿನ ದನಿ ಜಾಸ್ತಿಯಾಗಿರಬಹುದು, ಫೈಲು ಚೆನ್ನಾಗೇ ಇರುತ್ತದೆ.

ಸೆಲ್ಲಿನ ಬಗ್ಗೆ ಒಂದು ಮಾತು. ಎರಡು ಕಂಡೆನ್ಸರ್ ಮೈಕಿಗೆ ಫ್ಯಾಂಟಮ್ ಉಣಿಸುವಾಗ ಡಬಲ್-ಎ ಸೆಲ್ಲುಗಳು ಕಂಪನಿ ಹೇಳುವಷ್ಟು ಹೊತ್ತು ಬಾಳುವುದಿಲ್ಲ. ರೀಚಾರ್ಜ್ ಸೆಲ್ಲಾದರೆ ಮೆನುವಿನಲ್ಲಿ ಸೆಲ್ಲಿನ ಬಗೆ ಬದಲಿಸಿಕೊಳ್ಳಿ, ಇಲ್ಲವಾದರೆ ಉಳಿದ ಪ್ರಮಾಣ ತಪ್ಪು ತೋರಿಸುತ್ತದೆ. ಪವರ್ ಬ್ಯಾಂಕ್ ಹಚ್ಚಿ, ಸೆಲ್ಲನ್ನು ಒಳಗೆ ಬಿಟ್ಟಿರುವುದು ಉತ್ತಮ.

ಇನ್ನು ಮೈಕ್ ಎಲ್ಲಿ ನಿಲ್ಲಬೇಕು ಎಂಬುದು. ಒಳ್ಳೆಯ ರೆಕಾರ್ಡಿಂಗಿನಲ್ಲಿ ಉಪಕರಣದ ಪಾಲು ಸಣ್ಣದು; ಜಾಗದ ಪಾಲು ದೊಡ್ಡದು. ಜೋಡಿ ಮೈಕನ್ನು ಒಂದೇ ಸ್ಟ್ಯಾಂಡಿನ ಮೇಲೆ ಅಡ್ಡಪಟ್ಟಿ ಹಾಕಿ, ಮೂತಿಗಳ ನಡುವೆ 17 ಸೆಂಟಿಮೀಟರ್, ಕೋನ 110 ಡಿಗ್ರಿ ಇರುವಂತೆ ಹೊರಮುಖವಾಗಿ ತಿರುಗಿಸಿ. ಫ್ರೆಂಚ್ ರೇಡಿಯೋದವರು ರೂಢಿಗೆ ತಂದ ಈ ಜೋಡಣೆ ಗಾಯನ-ಪಿಯಾನೋ ಎರಡಕ್ಕೂ ಒಗ್ಗುತ್ತದೆ. ಎತ್ತರ ಎರಡು ಮೀಟರಿನ ಹತ್ತಿರ, ಗಾಯಕರಿಂದ ದೂರ ಎರಡೂವರೆಯಿಂದ ಮೂರೂವರೆ ಮೀಟರ್.

ಇಷ್ಟು ದೂರ ಏಕೆ? ಒಪೆರಾ ಹಾಡುವವರು ಕಂಬದಂತೆ ನಿಲ್ಲುವುದಿಲ್ಲ. ಪಾತ್ರದ ಒಳಗಿದ್ದರೆ ಒಂದು ಹೆಜ್ಜೆ ಹಿಂದಕ್ಕೆ, ಒಂದು ಹೆಜ್ಜೆ ಪಕ್ಕಕ್ಕೆ, ತಲೆ ಅತ್ತಿತ್ತ. ಮೈಕ್ ಅರ್ಧ ಮೀಟರಿನಲ್ಲಿದ್ದರೆ 30 ಸೆಂಟಿಮೀಟರ್ ಹಿಂದೆ ಸರಿದಾಗ ಮಟ್ಟ ನಾಲ್ಕು ಡಿಬಿ ಬೀಳುತ್ತದೆ. ಕೇಳುವವರಿಗೆ ದನಿ ಹಿಂದಕ್ಕೆ ಹೋದದ್ದು ಸ್ಪಷ್ಟ. ಮೂರು ಮೀಟರಿನಲ್ಲಿ ಅದೇ ಹೆಜ್ಜೆಗೆ ಬೀಳುವುದು ಒಂದು ಡಿಬಿಗಿಂತ ಕಡಿಮೆ, ಯಾರ ಗಮನಕ್ಕೂ ಬಾರದು. ಇದಕ್ಕಿಂತ ಮುಖ್ಯವಾದದ್ದು, ಹತ್ತಿರದ ಮೈಕು ಎಲ್ಲ ಕಂಠವನ್ನೂ ದೊಡ್ಡದಾಗಿ ತೋರಿಸುತ್ತದೆ. ಆರಿಸುವವರಿಗೆ ಇದು ಗೊತ್ತು. ತೀರಾ ಹತ್ತಿರದಿಂದ ಹಿಡಿದ, ಉಸಿರು ಕೇಳುವ ರೆಕಾರ್ಡಿಂಗ್ ಬಂದರೆ ಕಂಠದ ಗಾತ್ರದ ಬಗ್ಗೆ ಅನುಮಾನವೇ ಮೊದಲು ಹುಟ್ಟುವುದು. ಗಾಯಕರಿಗೊಂದು, ಪಿಯಾನೋಗೊಂದು ಬೇರೆ ಬೇರೆ ಮೈಕ್ ಹಾಕಿ ಆಮೇಲೆ ಬೆರೆಸುವುದೂ ಇದೇ ಕಾರಣಕ್ಕೆ ಬೇಡ. ಎಫ್3ಯಲ್ಲಿ ಎರಡೇ ಕಿಂಡಿ ಇರುವುದು ಕೊರತೆ ಎಂದು ಬರೆದವರಿದ್ದಾರೆ. ಈ ಕೆಲಸದ ಮಟ್ಟಿಗೆ ಅದು ಒಳ್ಳೆಯದೇ, ಚಪಲಕ್ಕೆ ಜಾಗವಿಲ್ಲ.

ಪಿಯಾನೋ ಮುಚ್ಚಳ ಚಿಕ್ಕ ಕಡ್ಡಿಯ ಮೇಲಿರಲಿ. ಗಾಯಕರು ಪಿಯಾನೋದ ಬಾಗಿನಲ್ಲಿ, ಅದಕ್ಕೆ ಒರಗದೆ, ಒಂದು ಹೆಜ್ಜೆ ಮುಂದೆ ನಿಲ್ಲಲಿ. ಪಿಯಾನೋ ಜೋರೆನಿಸಿದರೆ ವಾದಕರಿಗೆ ಮೆತ್ತಗೆ ನುಡಿಸಲು ಹೇಳುವ ಮುಂಚೆ ಗಾಯಕರನ್ನು ಇನ್ನೊಂದು ಅಡಿ ಮುಂದೆ ತನ್ನಿ. ಹೆದರಿ ನುಡಿಸುವ ಪಿಯಾನೋ ಹಾಡನ್ನೂ ಕುಗ್ಗಿಸುತ್ತದೆ. ಬೆಂಚಿನ ಕಿರುಗುಟ್ಟು, ಪೆಡಲಿನ ಕುಟ್ಟು, ಹಾಳೆ ಮಗುಚುವ ಸದ್ದು, ಇವೆಲ್ಲ ಈ ರೆಕಾರ್ಡರಿನಲ್ಲಿ ನಿಚ್ಚಳವಾಗಿ ಬರುತ್ತವೆ. ಹವಾನಿಯಂತ್ರಕ, ಫ್ಯಾನು ಬಂದ್ ಮಾಡಿಸಿ.

ಕೋಣೆ ಸಣ್ಣದಾದರೆ ದೊಡ್ಡ ಕಂಠಕ್ಕೆ ಯಾವ ಉಪಕರಣವೂ ನ್ಯಾಯ ಒದಗಿಸದು. ತಾಲೀಮು ಕೋಣೆಯ ಗೋಡೆಗಳು ಎರಡು ಮೀಟರಿನಲ್ಲಿದ್ದರೆ ವರ್ಡಿಯ ಸ್ವರಗಳು ಬಂದಾಗ ಗೋಡೆಯೇ ಕಿರುಚುತ್ತದೆ. ಕ್ಲಿಪ್ ಆಗಿಲ್ಲ, ಆದರೂ ಒಡೆದಂತೆ ಕೇಳಿಸುತ್ತದೆ, ಮತ್ತು ದೋಷವನ್ನು ಪಾಪದ ರೆಕಾರ್ಡರಿನ ಮೇಲೆ ಹೊರಿಸುತ್ತಾರೆ. ಮರದ ನೆಲ, ಎತ್ತರದ ಮಾಡು, ಒಂದಿಷ್ಟು ಬಟ್ಟೆ ಹೊದಿಸಿದ ಕುರ್ಚಿಗಳಿರುವ ಸಭಾಂಗಣ ಎರಡು ಗಂಟೆ ಸಿಕ್ಕರೆ ಸಾಕು. ಅನುರಣನ ಎರಡು ಸೆಕೆಂಡು ದಾಟಿದರೆ ಮಾತ್ರ ಜರ್ಮನ್ ವ್ಯಂಜನಗಳೆಲ್ಲ ಕಲಸಿಹೋಗುತ್ತವೆ. ಆಗ ಮೈಕನ್ನು ಎರಡು ಮೀಟರಿಗೆ ತನ್ನಿ.

ವಿಡಿಯೋ ಭಾಗಕ್ಕೆ ಫೋನೇ ಸಾಕು. 1080ಪಿ, 30 ಫ್ರೇಮು, ಬೆಳಕಿನ ಮಟ್ಟ ಲಾಕ್, ಕಣ್ಣಿನ ಎತ್ತರದಲ್ಲಿ ಟ್ರೈಪಾಡು, ಮೊಣಕಾಲಿನಿಂದ ಮೇಲೆ ಚೌಕಟ್ಟು. ಪ್ರತಿ ಆರಿಯಾಕ್ಕೂ ಮೊದಲು ಕ್ಯಾಮೆರಾದ ಮುಂದೆ ಒಂದು ಚಪ್ಪಾಳೆ ತಟ್ಟಿ. ಎರಡೂ ಫೈಲಿನಲ್ಲಿ ಆ ಮೊನೆಯನ್ನು ಹೊಂದಿಸಿದರೆ ತುಟಿ-ದನಿ ಕೂಡಿಕೊಳ್ಳುತ್ತದೆ. ಐದಾರು ನಿಮಿಷದ ಆರಿಯಾದಲ್ಲಿ ಜಾರಿಕೆ ಕಣ್ಣಿಗೆ ಕಾಣುವಷ್ಟು ಇರುವುದಿಲ್ಲ. ಇಡೀ ಎರಡು ಗಂಟೆಯನ್ನು ಒಂದೇ ಫೈಲಾಗಿ ಓಡಿಸಿದರೆ ಕೊನೆಗೆ ಬರುವ ಹೊತ್ತಿಗೆ ತುಟಿ ಮುಂದೆ, ಹಾಡು ಹಿಂದೆ. ಆರಿಯಾಕ್ಕೊಂದು ಫೈಲು ಮಾಡಿ. ಹೊರಗಿನ ಧ್ವನಿಯನ್ನು ವಿಡಿಯೋಗೆ ಜೋಡಿಸಬಹುದೇ ಎಂದು ಅರ್ಜಿಯ ನಿಯಮದಲ್ಲಿ ನೋಡಿಕೊಳ್ಳಿ. ಕತ್ತರಿಸಿ ಅಂಟಿಸಬಾರದು, ಅನುರಣನ ಸೇರಿಸಬಾರದು ಎಂಬುದು ಸಾಮಾನ್ಯ. ಒಂದೇ ಟೇಕಿನ ಧ್ವನಿಯನ್ನು ಅದೇ ಟೇಕಿನ ಚಿತ್ರಕ್ಕೆ ಹೊಂದಿಸುವುದಕ್ಕೆ ಆಕ್ಷೇಪ ಕಡಿಮೆ. ಆಕ್ಷೇಪ ಇರುವ ಕಡೆ ಎಫ್3ಯನ್ನು ಯುಎಸ್‌ಬಿ ಮೂಲಕ ಅಥವಾ ಲೈನ್-ಔಟ್ ಕಿಂಡಿಯಿಂದ ಕ್ಯಾಮೆರಾಕ್ಕೇ ಕೊಡಬಹುದು. ಆದರೆ ಆ ದಾರಿಯಲ್ಲಿ ಮತ್ತೆ ಕ್ಯಾಮೆರಾದ ಮಟ್ಟ ಕೂರಿಸಬೇಕು, ಅಂದರೆ 32-ಬಿಟ್ಟಿನ ಲಾಭ ಅರ್ಧಕ್ಕರ್ಧ ಹೋದ ಹಾಗೆ.

ಹೆಚ್ಚು ಜನ ಎಡವುವುದು ಕಂಪ್ಯೂಟರಿನಲ್ಲಿ. ಆಡಾಸಿಟಿ, ರೀಪರ್, ಡಾವಿಂಚಿ ರಿಸಾಲ್ವ್ ಮೂರೂ 32-ಬಿಟ್ ಫ್ಲೋಟ್ ಫೈಲನ್ನು ತೆರೆಯುತ್ತವೆ. ತೆರೆದಾಗ ಅಲೆ ಸಣಕಲಾಗಿ ಕಾಣಬಹುದು, ಇಲ್ಲವೇ ಸೊನ್ನೆ ಡಿಬಿಯ ಗೆರೆ ದಾಟಿ ಚಪ್ಪಟೆಯಾಗಿ ಕಾಣಬಹುದು. ಎರಡೂ ತೊಂದರೆಯಲ್ಲ. ದಾಟಿದ್ದನ್ನು ಕೆಳಗಿಳಿಸಿದರೆ ತುದಿಗಳು ಹಾಗೇ ಮರಳಿ ಬರುತ್ತವೆ. ತೊಂದರೆಯಾಗುವುದು ಇಳಿಸದೆಯೇ 24-ಬಿಟ್ಟಿಗೋ ಎಂಪಿ4ಗೋ ರಫ್ತು ಮಾಡಿದಾಗ: ಅಲ್ಲಿಯ ತನಕ ಇಲ್ಲದಿದ್ದ ಕ್ಲಿಪ್ಪು ಆ ಕ್ಷಣ ಕಾಯಂ ಆಗುತ್ತದೆ.

ಇನ್ನೊಂದು ಎಡವಟ್ಟು ಇದಕ್ಕಿಂತ ಸೂಕ್ಷ್ಮ. ಪ್ರತಿ ಆರಿಯಾವನ್ನೂ ಬೇರೆ ಬೇರೆಯಾಗಿ 'ನಾರ್ಮಲೈಸ್' ಮಾಡುವುದು, ಅಂದರೆ ಅದರ ಅತಿ ಜೋರು ತುದಿಯನ್ನು ಒಂದೇ ನಿಗದಿತ ಮಟ್ಟಕ್ಕೆ ತರುವುದು. 'ಡೆರ್ ಹೊಲ್ಲೆ ರಾಖೆ'ಯ ತಾರ 'ಎಫ್'ಗಳು ಎಲ್ಲಿಗೆ ಮುಟ್ಟುತ್ತವೋ 'ಆಖ್, ಇಖ್ ಫ್ಯೂಲ್ಸ್'ನ ಮೆದು ದುಃಖವೂ ಅಲ್ಲಿಗೇ ಏರಿಬಿಡುತ್ತದೆ. ಎರಡೂ ಮೊಜಾರ್ಟನ 'ದಿ ಮ್ಯಾಜಿಕ್ ಫ್ಲೂಟ್' ಒಪೆರಾದ ಆರಿಯಾಗಳು, ಎರಡು ಬೇರೆ ಪಾತ್ರಗಳವು, ಎರಡು ಬೇರೆ ಬಗೆಯ ಕಂಠಕ್ಕೆ ಬರೆದವು. ಕೇಳುವವರಿಗೆ ಆ ಅಂತರ ಕೈಬೆರಳಿನಷ್ಟು ಪರಿಚಿತ. ಸರಿಯಾದ ಕ್ರಮ ಹೀಗೆ: ಒಂದೇ ದಿನ, ಒಂದೇ ಮೈಕ್ ಸ್ಥಾನದಲ್ಲಿ ಹಿಡಿದ ಎಲ್ಲ ಆರಿಯಾಗಳಲ್ಲಿ ಅತಿ ಜೋರಾದ ತುದಿ ಹುಡುಕಿ. ಅದು -9 ಡಿಬಿಯಲ್ಲಿದೆ ಎಂದಿಟ್ಟುಕೊಳ್ಳಿ. ಅದನ್ನು -1ಕ್ಕೆ ತರಲು ಎಂಟು ಡಿಬಿ ಬೇಕು. ಅದೇ ಎಂಟನ್ನು ಎಲ್ಲ ಫೈಲಿಗೂ ಸೇರಿಸಿ, ಹೆಚ್ಚಲ್ಲ, ಕಡಿಮೆಯಲ್ಲ. ಮೆದು ಆರಿಯಾದ ತುದಿ ಆಗ -12ರಲ್ಲಿ ಉಳಿದರೆ ಉಳಿಯಲಿ. ಕಂಪ್ರೆಸರ್, ಲಿಮಿಟರ್, 'ವಾಯ್ಸ್ ಎನ್‌ಹ್ಯಾನ್ಸ್' ಎಂಬ ಹೆಸರಿನ ಯಾವ ಗುಂಡಿಯನ್ನೂ ಒತ್ತಬೇಡಿ.

ಯೂಟ್ಯೂಬಿಗೆ ಹಾಕಿದಾಗ ಪಕ್ಕದ ವಿಡಿಯೋಗಳಿಗಿಂತ ಸದ್ದು ಕಡಿಮೆ ಎನಿಸಬಹುದು. ಆ ಜಾಲತಾಣ ಸಾಮಾನ್ಯವಾಗಿ ಜೋರಾದದ್ದನ್ನು ತಗ್ಗಿಸುತ್ತದೆಯೇ ಹೊರತು ಮೆದುವಾದದ್ದನ್ನು ಏರಿಸುವುದಿಲ್ಲ. ಬಿಡಿ, ಕೇಳುವವರು ಗುಂಡಿ ತಿರುಗಿಸಿಕೊಳ್ಳುತ್ತಾರೆ. ಎಲ್ಲ ಅರ್ಜಿಗಳೂ ಹಾಗೇ ಇರುತ್ತವೆ. ಫೈಲನ್ನೇ ನೇರವಾಗಿ ಏರಿಸಲು ಅವಕಾಶವಿದ್ದರೆ ಲಿಂಕಿಗಿಂತ ಅದೇ ವಾಸಿ.

ಎಫ್3ಯ ನಿಜವಾದ ಕೊರತೆಗಳು ಎರಡು. 24-ಬಿಟ್ಟಿನಲ್ಲಿ ರೆಕಾರ್ಡ್ ಮಾಡುವ ಆಯ್ಕೆಯೇ ಇಲ್ಲ. ಹಾಗಾಗಿ ಹಾಡಿದ ಕೂಡಲೆ ಕಾರ್ಡು ತೆಗೆದು ಶಿಕ್ಷಕರ ಹಳೆಯ ಪ್ಲೇಯರಿನಲ್ಲಿ ಕೇಳಿಸುತ್ತೇನೆ ಎಂದರೆ ಆಗದು, ನಡುವೆ ಒಂದು ಪರಿವರ್ತನೆ ಬೇಕೇ ಬೇಕು. ಪರದೆ ಚಿಕ್ಕದು, ಕತ್ತಲ ವೇದಿಕೆಯಲ್ಲಿ ದೂರದಿಂದ ನೋಡಿ ರೆಕಾರ್ಡ್ ಆಗುತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಕಷ್ಟ. ಬಿಟಿಎ-1 ಎಂಬ ಬ್ಲೂಟೂತ್ ಅಡಾಪ್ಟರ್ ಹಾಕಿ ಫೋನಿನಿಂದ ನಡೆಸಬಹುದು. ಅದೂ ಪ್ರತ್ಯೇಕ ಖರೀದಿ, ಮತ್ತು ಒಬ್ಬರೇ ಎಲ್ಲ ನಿಭಾಯಿಸುವವರಿಗೆ ಹೆಚ್ಚುಕಡಿಮೆ ಅನಿವಾರ್ಯ.

ಮೈಕು, ಸ್ಟ್ಯಾಂಡು, ಕೇಬಲ್ಲು ಹೊತ್ತು ತಿರುಗುವ ಉಸಾಬರಿ ಬೇಡ ಎನ್ನುವವರಿಗೆ ಇದೇ ಕಂಪನಿಯ ಎಚ್1 ಎಸೆನ್ಷಿಯಲ್, ಎಚ್4 ಎಸೆನ್ಷಿಯಲ್ ಇವೆ. 32-ಬಿಟ್ ಫ್ಲೋಟೂ ಇದೆ, ಮೈಕುಗಳೂ ಮೇಲೇ ಕೂತಿವೆ. ಎಚ್1ರ ಮೈಕಿಗೆ ಕಂಪನಿಯೇ ಹೇಳುವ ಮಿತಿ 120 ಡಿಬಿ. ಮೂರು ಮೀಟರಿನಲ್ಲಿಟ್ಟರೆ ಅದೂ ಸಾಕು, ಸ್ವರಪಟ್ಟಿಯ ಸ್ಟ್ಯಾಂಡಿನ ಮೇಲೆ ಬಾಯಿಯ ಎದುರೇ ಇಟ್ಟರೆ ದೊಡ್ಡ ಕಂಠಗಳಿಗೆ ಅಪಾಯ. ಪಾಠ, ತಾಲೀಮು, ಪಿಯಾನೋ ವಾದಕರೊಂದಿಗಿನ ಅಭ್ಯಾಸ ಇವುಗಳಿಗೆ ಎಚ್1 ಧಾರಾಳ ಸಾಕು. ವರ್ಷಕ್ಕೊಮ್ಮೆ ಮಾತ್ರ ಅರ್ಜಿ ಹಾಕುವವರು ಅದನ್ನೇ ತೆಗೆದುಕೊಂಡು, ಉಳಿದ ಹಣವನ್ನು ಒಳ್ಳೆಯ ಪಿಯಾನೋ ವಾದಕರಿಗೂ ಒಳ್ಳೆಯ ಸಭಾಂಗಣಕ್ಕೂ ಕೊಡುವುದು ಜಾಣತನ. ಪ್ರತಿ ಋತುವಿನಲ್ಲೂ ಹತ್ತಾರು ಕಡೆ ಅರ್ಜಿ ಹಾಕುವವರು, ಅಥವಾ ನಾಲ್ಕೈದು ಗಾಯಕರು ಸೇರಿ ಒಂದು ಸೆಟ್ ಹಂಚಿಕೊಳ್ಳಬಲ್ಲವರು ಎಫ್3ಗೆ ಹೋಗಲಿ. ಹಂಚಿಕೊಳ್ಳುವುದಾದರೆ ಪ್ರತಿಯೊಬ್ಬರಿಗೂ ಸ್ವಂತ ಕಾರ್ಡಿರಲಿ. ಮೂಲ ವೇವ್ ಫೈಲುಗಳನ್ನು ಮಟ್ಟ ಮುಟ್ಟದೆ ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳಿ, ಒಂದೊಂದು ಕಡೆ ಒಂದೊಂದು ಬಗೆಯ ಫೈಲು ಕೇಳುತ್ತಾರೆ. ಹೆಸರಿನಲ್ಲಿ ದಿನಾಂಕವೂ ಸೇರಿರಲಿ, ಏಕೆಂದರೆ ವರ್ಷಕ್ಕಿಂತ ಹಳೆಯ ರೆಕಾರ್ಡಿಂಗನ್ನು ಒಪ್ಪದ ಕಡೆಗಳು ಬಹಳ.